ಗೋಡೆಯಿಂದ ಹೋದ ಅಸಲಿ ಸರ್ಟಿಫಿಕೇಟು

2013ರ ನವೆಂಬರ್ 23, ಶನಿವಾರ. ಬೆಳಗಿನ ಹತ್ತೂವರೆಗೆ ಶಹಾಪುರ ಠಾಣೆಗೆ ಬಂದ ಹೆಂಗಸು ಸಬ್‌ಇನ್‌ಸ್ಪೆಕ್ಟರ್ ಅಂಬ್ರಪ್ಪನವರ ಎದುರಿನ ಕುರ್ಚಿಯಲ್ಲಿ ಬೆನ್ನು ಆನಿಸಿ ಕೂತರು. ಠಾಣೆಯಲ್ಲಿ ಹೀಗೆ ಆರಾಮಾಗಿ ಕೂರುವವರು ಎರಡೇ ಬಗೆ ಎಂಬುದು ಅಂಬ್ರಪ್ಪನವರ ಅನುಭವ: ಒಂದು ರಾಜಕಾರಣಿಗಳು, ಇನ್ನೊಂದು ದಿನವೂ ಬೇರೆಯವರ ಕಷ್ಟ ಕೇಳಿ ಅಭ್ಯಾಸವಾದವರು.

“ಏನು ಹೋಗ್ಯದ್ರಿ?”

“ಸರ್ಟಿಫಿಕೇಟು.”

“ಬಂಗಾರ, ರೊಕ್ಕ?”

“ಏನೂ ಮುಟ್ಟಿಲ್ರಿ. ಟೇಬಲ್ ಮ್ಯಾಲ ನನ್ನ ವಾಚಿತ್ತು, ಅದೂ ಇದ್ದಲ್ಲೇ ಅದ. ಗ್ವಾಡಿಗೆ ಹಾಕಿದ್ದ ಸರ್ಟಿಫಿಕೇಟು ಒಂದೇ ಹೋಗ್ಯದ, ಗಾಜು, ಕಟ್ಟಿನ ಸಮೇತ.”

ಫಿರ್ಯಾದಿಯ ಹೆಸರು ಖುರ್ಷೀದಬೇಗಂ, ವಯಸ್ಸು ನಲವತ್ತನಾಲ್ಕು, ಉದ್ಯೋಗ ಆಪ್ತಸಮಾಲೋಚನೆ. ಹೆಡ್ ಕಾನ್‌ಸ್ಟೇಬಲ್ ದೇವಿಂದ್ರ ಬರೆಯುತ್ತಿದ್ದವನು ಪೆನ್ನು ಎತ್ತಿ, “ಅಂದ್ರ ಡಾಕ್ಟರ್ ಅಂತ ಬರೀಲೇನ್ರಿ?” ಎಂದ.

“ಬ್ಯಾಡ. ನಾ ಗುಳಿಗಿ ಬರಿಯಂಗಿಲ್ಲ. ಮಾತು ಕೇಳ್ತೀನಿ, ಮಾತಾಡಿಸ್ತೀನಿ. ಗುಳಿಗಿ ಬೇಕಾದವರನ್ನ ಗುಲ್ಬರ್ಗಾಕ್ಕ ಕಳಸ್ತೀನಿ.”

“ಬರೇ ಮಾತಿಗೆ ಸರ್ಟಿಫಿಕೇಟು ಕೊಡ್ತಾರೇನ್ರಿ?” ದೇವಿಂದ್ರನಿಗೆ ನಿಜವಾಗಿಯೂ ಆಶ್ಚರ್ಯವಾಗಿತ್ತು. ಮಾತಿಗೆ ಸರ್ಟಿಫಿಕೇಟು ಕೊಡುವುದಾದರೆ ತನ್ನ ಹೆಂಡತಿಗೆ ಎಂದೋ ಸಿಗಬೇಕಿತ್ತು ಎಂದು ಅವನು ಆಮೇಲೆ ಮಹಿಳಾ ಕಾನ್‌ಸ್ಟೇಬಲ್ ಮಲ್ಲಾಬಾಯಿಯ ಮುಂದೆ ಹೇಳಿದ.

ಖುರ್ಷೀದಬೇಗಂ ನಕ್ಕರು. ಅವರ ತಂದೆ ಇಸ್ಮಾಯಿಲಸಾಬ ಸುರಪುರದ ಕಟ್ಟಿಗೆ ಅಡ್ಡೆಯಲ್ಲಿ ಗರಗಸ ಹಿಡಿದವರು. ಮಗಳು ಮನಶ್ಶಾಸ್ತ್ರ ಓದಿ, ಮೇಲೆ ಎರಡು ವರ್ಷ ಆಸ್ಪತ್ರೆಯಲ್ಲೇ ತರಬೇತಿ ಮುಗಿಸಿ ತಂದ ಸರ್ಟಿಫಿಕೇಟಿಗೆ ಆ ಮುದುಕ ತಾವೇ ಸಾಗವಾನಿಯ ಕಟ್ಟು ಹಾಕಿಕೊಟ್ಟಿದ್ದರು. ಆಮೇಲೆ ಖುರ್ಷೀದಬೇಗಂ ಗುಲ್ಬರ್ಗಾದ ಆಸ್ಪತ್ರೆಯೊಂದರ ಮಾನಸಿಕ ವಿಭಾಗದಲ್ಲಿ ಹನ್ನೆರಡು ವರ್ಷ ದುಡಿದರು. ಅಲ್ಲಿಗೆ ಶಹಾಪುರ, ಸುರಪುರದ ಕಡೆಯಿಂದ ಬರುತ್ತಿದ್ದವರು ಬಹಳ ತಡವಾಗಿ ಬರುತ್ತಿದ್ದರು. ಹಗ್ಗದಲ್ಲಿ ಕೈ ಕಟ್ಟಿಸಿಕೊಂಡು ಬಂದವರೂ ಇದ್ದರು. ತಾನೇ ಅವರ ಹತ್ತಿರ ಹೋದರೆ ಒಂದಿಷ್ಟು ಬೇಗ ಬಂದಾರು ಎಂದು ಕೆಲಸ ಬಿಟ್ಟು ಶಹಾಪುರದಲ್ಲಿ ಕೋಣೆ ಹಿಡಿದಿದ್ದರು.

“ಯುನಿವರ್ಸಿಟಿಗಿ ಬರದ್ರ ಇನ್ನೊಂದು ಕೊಡಂಗಿಲ್ಲೇನು?” ಅಂಬ್ರಪ್ಪ ಕೇಳಿದರು.

“ಕೊಡ್ತಾರ. ತಿಂಗಳಾನುಗಟ್ಲೆ ಬೇಕು. ಬರೋ ಗುರುವಾರ ಯಾದಗಿರಿಯಿಂದ ಪರಿಶೀಲನಾ ತಂಡ ಬರ್ತದ. ಖಾಸಗಿ ಕೋಣಿ ಇಟ್ಟವರೆಲ್ಲಾ ಅಸಲಿ ತೋರಿಸಬೇಕು. ಇಲ್ಲಾಂದ್ರ ಬಾಗಿಲಾ ಹಾಕೋದು.”

“ಹಾಕ್ರಿ. ಸಿಕ್ಕ ಮ್ಯಾಲ ತಗದ್ರಾತು.”

“ಒಬ್ಬಾಕಿ ಬರೋದದ, ಸಾಹೇಬ್ರ. ಮನಿಯವರು ಈಗೀಗ ಒಪ್ಪಾಕತ್ತ್ಯಾರ. ಬಂದ ದಿನ ಬಾಗಿಲಾ ಹಾಕಿದ್ರ ಮತ್ತ ಬರಂಗಿಲ್ಲ.”

ಗುನ್ನೆ ದಾಖಲಾಯಿತು, ಕಲಂ 379 ಐಪಿಸಿ. ಎಫ್‌ಐಆರ್ ಪ್ರತಿಗೆ ಸಹಿ ಹಾಕಿ ಅವರು ಹೊರಟರು. ಹಿಂದೆಯೇ ಅಂಬ್ರಪ್ಪ, ದೇವಿಂದ್ರ ಮತ್ತು ಮಲ್ಲಾಬಾಯಿ ಜೀಪು ಹತ್ತಿದರು.

ಕೋಣೆ ಬಸ್ ನಿಲ್ದಾಣದ ಹಿಂದಿನ ರಸ್ತೆಯಲ್ಲಿ, ಮಹಡಿಯ ಮೇಲೆ. ಮೆಟ್ಟಿಲು ಹತ್ತಿದರೆ ಎಡಕ್ಕೆ ಶರೀಫಾಬೀಯ ಹೊಲಿಗೆ ಅಂಗಡಿ, ಬಲಕ್ಕೆ ಖುರ್ಷೀದಬೇಗಂರ ಬಾಗಿಲು. ಕೆಳಗೆ ಹೊಲಿಗೆಯ ಬೋರ್ಡು ಮಂಚದಷ್ಟು ಅಗಲ, ಸಮಾಲೋಚನೆಯ ಬೋರ್ಡು ಪಾಟಿಯಷ್ಟು ಸಣ್ಣದು. ಬೇಕೆಂದೇ ಹಾಗೆ ಮಾಡಿದ್ದರು. ತಲೆಗೆ ಸಂಬಂಧಿಸಿದ ಬೋರ್ಡಿನ ಕೆಳಗೆ ಮೆಟ್ಟಿಲು ಹತ್ತಿದವರನ್ನು ಊರು ಹುಚ್ಚರ ಸಾಲಿಗೆ ಸೇರಿಸುತ್ತದೆ. ಅದಕ್ಕೆ ಇಲ್ಲಿಗೆ ಬರುವವರೆಲ್ಲ ಕೈಯಲ್ಲಿ ಒಂದು ಕುಬುಸದ ಖಣವೋ ಪಾಯಿಜಾಮದ ಬಟ್ಟೆಯೋ ಹಿಡಿದು ಬರುತ್ತಿದ್ದರು. ನೋಡಿದವರಿಗೆ ಹೊಲಿಗೆಗೆ ಹೊರಟಂತೆ. ಇಳಿಯುವಾಗ ಮನಸ್ಸು ಹಗುರಾದವರು ಬಟ್ಟೆಯನ್ನು ಮರೆತೇ ಹೋಗುತ್ತಿದ್ದರು. ಶರೀಫಾಬೀಯ ಕಪಾಟಿನಲ್ಲಿ ವಾರಸುದಾರರಿಲ್ಲದ ಖಣಗಳ ಗಂಟೇ ಇತ್ತು.

ಕಳ್ಳತನವಾಗಿದ್ದು ಶುಕ್ರವಾರ ಮಧ್ಯಾಹ್ನ, ಖುರ್ಷೀದಬೇಗಂ ಮನೆಗೆ ಊಟಕ್ಕೆ ಹೋಗಿದ್ದಾಗ. ಬೀಗ ಒಡೆದಿರಲಿಲ್ಲ, ಯಾಕೆಂದರೆ ಬೀಗವನ್ನೇ ಹಾಕಿರಲಿಲ್ಲ.

“ಹಗಲೊತ್ತು ಬೀಗ ಹಾಕಂಗಿಲ್ರಿ. ಬಂದವರು ಪಡಸಾಲ್ಯಾಗ ನಿಂತ್ರ ಯಾರರೆ ನೋಡ್ತಾರ, ತಿರುಗಿ ಹೋಗಿಬಿಡ್ತಾರ. ಸೀದಾ ಒಳಗ ಬಂದು ಕುಂದ್ರಲಿ ಅಂತ,” ಎಂದರು ಅವರು.

ಅಂಬ್ರಪ್ಪ ಸ್ಥಳ ಪಂಚನಾಮೆ ಬರೆಸಿದರು. ಗೋಡೆಯ ಮೇಲೆ ಮೊಳೆ, ಮೊಳೆಯ ಕೆಳಗೆ ಬಿಳಿ ಚೌಕದ ಗುರುತು. ಮೊಳೆಗೆ ನೂಲೂ ಸಿಕ್ಕಿರಲಿಲ್ಲ. ಕಿತ್ತದ್ದಲ್ಲ, ಎರಡು ಕೈಯಿಂದ ಎತ್ತಿ ಇಳಿಸಿದ್ದು. ಕಳ್ಳರು ಇಷ್ಟು ಮರ್ಯಾದೆಯಿಂದ ಕದಿಯುವುದನ್ನು ತಾನು ಕಂಡಿಲ್ಲ ಎಂದ ದೇವಿಂದ್ರ.

ಮೊದಲ ಅನುಮಾನ ಸಹಜವಾಗಿ ಬಾಷುಮಿಯಾನ ಮೇಲೆ ಹೋಯಿತು. ಅದೇ ರಸ್ತೆಯ ತುದಿಯಲ್ಲಿ ಕೂತು ತಾಯತ ಕಟ್ಟುವವನು. ಖುರ್ಷೀದಬೇಗಂ ಬಂದ ಮೇಲೆ ಅವನ ಕಡೆಯ ಜನ ಕಡಿಮೆಯಾಗಿರಬೇಕು ಎಂಬುದು ಅಂಬ್ರಪ್ಪನವರ ಲೆಕ್ಕ.

“ಆಕಿ ಮ್ಯಾಲ ನಿನಗ ಸಿಟ್ಟದ ಏನು?”

“ನನಗ್ಯಾಕ ಸಿಟ್ಟು ಸಾಬ್? ನಾ ತಾಯತ ಕಟ್ತೀನಿ, ಕಟ್ಟಿ, ಇದು ಕೆಲಸ ಮಾಡಬೇಕಾದ್ರ ಆ ಮಹಡಿ ಹತ್ತಿ ಬಾಯಾರ ಜೋಡಿ ಮಾತಾಡಿ ಬರಬೇಕು ಅಂತೀನಿ. ಆರಾಮಾದ್ರ ತಾಯತಕ್ಕ ಹೆಸರು ಬರ್ತದ.” ಬಾಷುಮಿಯಾ ಗಡ್ಡ ನೀವಿಕೊಂಡ. “ಆಕಿ ಬಾಗಿಲಾ ಹಾಕಿದ್ರ ನನ್ನ ತಾಯತ ಯಾರು ನಂಬ್ತಾರ?”

ಶುಕ್ರವಾರ ಇಡೀ ಮಧ್ಯಾಹ್ನ ಅವನು ದರ್ಗಾದ ಅಂಗಳದಲ್ಲಿ ಇದ್ದುದಕ್ಕೆ ಹತ್ತು ಜನ ಸಾಕ್ಷಿ ಇದ್ದರು. ಅಂಬ್ರಪ್ಪ ಅವನನ್ನು ಬಿಟ್ಟು ಮತ್ತೆ ಮೆಟ್ಟಿಲು ಹತ್ತಿದರು, ಈ ಸಲ ಎಡಕ್ಕೆ.

ಶರೀಫಾಬೀ ಮಷೀನು ನಿಲ್ಲಿಸದೆ ಉತ್ತರ ಕೊಟ್ಟಳು. ಶುಕ್ರವಾರ ಮಧ್ಯಾಹ್ನ ಬಂದದ್ದು ಒಬ್ಬಳೇ. ಐವತ್ತು ದಾಟಿದ ಹೆಣ್ಣುಮಗಳು. ಮೊಮ್ಮಗನ ಕೌದಿಗೆ ಚಿಂದಿ ಬೇಕು ಎಂದು ಕೇಳಿದಳು. ಮೂಲೆಯಲ್ಲಿ ಬಿದ್ದಿದೆ, ತಗೋ ಎಂದಿದ್ದಳು ಶರೀಫಾಬೀ. ಆ ಹೆಂಗಸು ಗಂಟು ಕಟ್ಟಿಕೊಂಡು ಹೋದಳು.

“ಯಾವ ಚಿಂದಿ ಒಯ್ದ್ಲು?” ಮಲ್ಲಾಬಾಯಿ ನಡುವೆ ಕೇಳಿದಳು.

“ಅದನ್ನ ಏನ್ ಕೇಳ್ತಿ. ಪ್ಯಾಂಟಿನ ಬಟ್ಟಿ, ಕಾಲರಿನ ಕ್ಯಾನ್ವಾಸು, ಕೈಗೆ ಸಿಕ್ಕದ್ದೆಲ್ಲಾ ತುಂಬಿದ್ಲು.”

ಮಲ್ಲಾಬಾಯಿ ಅಂಬ್ರಪ್ಪನವರ ಕಡೆ ತಿರುಗಿದಳು. “ಸರ, ಕೂಸಿನ ಕೌದಿಗೆ ಯಾರೂ ಹೊಸಾ ಚಿಂದಿ ಒಯ್ಯಂಗಿಲ್ರಿ. ಮೈಗೆ ಚುಚ್ಚತದ. ಹಳೀ ಧೋತರ, ಹಳೀ ಸೀರಿ, ಅವು ಬೇಕು.”

“ನಮ್ಮವ್ವನೂ ಹಂಗ ಹೊಲಿತಿದ್ಲು,” ಎಂದರು ಅಂಬ್ರಪ್ಪ. ಅವರಿಗೂ ವಿಷಯ ಹೊಳೆದಿತ್ತು. ಆ ಹೆಂಗಸಿಗೆ ಚಿಂದಿ ಬೇಕಿರಲಿಲ್ಲ, ಸರ್ಟಿಫಿಕೇಟು ಮುಚ್ಚಿ ಒಯ್ಯಲು ಗಂಟು ಬೇಕಿತ್ತು. “ಯಾವ ಊರಾಕಿ?”

“ಕೇಳಿಲ್ರಿ. ಕಿಟಕ್ಯಾಗಿಂದ ನೋಡಿದೆ, ಸುರಪುರ ಬಸ್ಸು ಹತ್ತಿದ್ಲು.”

ಅಂಬ್ರಪ್ಪ ಎದುರಿನ ಬಾಗಿಲಿಗೆ ಬಂದರು. ಇನ್ನು ಕೇಸು ಮುಗಿದಂತೆಯೇ ಎಂದುಕೊಂಡಿದ್ದರು. ಆದರೆ ಐವತ್ತು ದಾಟಿದ, ಮೊಮ್ಮಗನಿರುವ, ಸುರಪುರದ ಕಡೆಯ ಹೆಂಗಸು ಎಂದ ಕೂಡಲೇ ಖುರ್ಷೀದಬೇಗಂರ ಮುಖದ ಬಣ್ಣ ಬದಲಾಯಿತು.

“ಯಾರಾಕಿ?”

“ಹೇಳಂಗಿಲ್ರಿ.”

“ಗೊತ್ತಿಲ್ಲಂತೀರೋ, ಹೇಳಂಗಿಲ್ಲಂತೀರೋ?”

“ಈ ಕುರ್ಚಿ ಮ್ಯಾಲ ಕುಂತು ಅತ್ತವರ ಹೆಸರು ನನ್ನ ಬಾಯಾಗಿಂದ ಬರಂಗಿಲ್ಲ. ಅದು ನನ್ನ ಕೆಲಸದ ಕಾಯ್ದೆ.”

“ಛಲೋ ಆತು. ಫಿರ್ಯಾದಿನೂ ನೀವ, ಬಾಯಿ ಬಿಡದ ಸಾಕ್ಷಿನೂ ನೀವ.”

“ಹಂಗಾದ್ರ ಕೇಸ್ ವಾಪಸ್ ತಗೋತೀನಿ.”

“ಎಫ್‌ಐಆರ್ ಅಂದ್ರ ಬಿಟ್ಟ ಕಾಲುವಿ ನೀರಿದ್ದಂಗ ಬಾಯಾರ. ತಿರುಗಿ ಹೋಗಂಗಿಲ್ಲ.” ಅಂಬ್ರಪ್ಪನವರಿಗೆ ಸಿಟ್ಟು ಬಂದಿತ್ತು, ಅದರ ಜೊತೆಗೇ ಈ ಹೆಂಗಸಿನ ಮೇಲೆ ಗೌರವವೂ ಬಂದಿತ್ತು. ಹೆಸರು ಹೇಳಿದರೆ ಸರ್ಟಿಫಿಕೇಟು ಸಿಕ್ಕೀತು, ಗುರುವಾರ ಬಾಗಿಲು ಉಳಿದೀತು. ಆದರೂ ಹೇಳುತ್ತಿಲ್ಲ. “ಹೋಗ್ಲಿ, ಒಂದು ಝರಾಕ್ಸರೆ ಅದ ಏನು?”

“ಇತ್ತು. ಅವರಿಗೆ ಕೊಟ್ಟಿದ್ದೆ. ಅದು ನಡಿಯಂಗಿಲ್ಲಂತ...” ಖುರ್ಷೀದಬೇಗಂ ನಾಲಿಗೆ ಕಚ್ಚಿಕೊಂಡರು.

ಅಂಬ್ರಪ್ಪ ಏನೂ ಕೇಳಿಸದವರಂತೆ ಟೋಪಿ ತೆಗೆದುಕೊಂಡು ಇಳಿದರು. ಜೀಪಿನಲ್ಲಿ ಕೂತ ಮೇಲೆ ದೇವಿಂದ್ರನನ್ನು ಕೇಳಿದರು: “ಝರಾಕ್ಸ್ ನಡಿಯಂಗಿಲ್ಲ ಅನ್ನೋರು ಯಾರಿದ್ದಾರ? ಆಫೀಸಿನವರು ಬಿಟ್ರ?”

ದೇವಿಂದ್ರ ಸ್ಟೇರಿಂಗ್ ಮೇಲೆ ಕೈಯಿಟ್ಟು ನಗತೊಡಗಿದ. “ಹಿರೇಬೂದೂರಿನವರು, ಸರ. ಸುರಪುರ ತಾಲೂಕು. ನಮ್ಮ ಚಿಗವ್ವನ ಊರು.”

ಕತೆ ಹೀಗಿತ್ತು. ಕಾಲುವೆ ತೋಡಲು ಹೊಲ ಹೋದ ಕಾಲದಲ್ಲಿ ಒಬ್ಬ ದಲ್ಲಾಳಿ ಆ ಊರಿಗೆ ಬಂದಿದ್ದ. ಪರಿಹಾರ ಮಾಡಿಸಿಕೊಡುತ್ತೇನೆಂದು ಎಲ್ಲರ ಹೊಲದ ಕಾಗದ ಒಯ್ದ. ಆಗ ಈ ಕಡೆ ಝರಾಕ್ಸ್ ಹೊಸದು. ಅವನು ತಿರುಗಿ ಕೊಟ್ಟದ್ದು ಅಸಲಿ ಎಂದೇ ಊರೆಲ್ಲ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿತ್ತು. ಪರಿಹಾರ ಬಂದಾಗ ಊರಿನವರ ಕೈಯಲ್ಲಿ ಬರೀ ನೆರಳಿತ್ತು. ಹಾಲಿನಲ್ಲಿ ಬಾಯಿ ಸುಟ್ಟುಕೊಂಡವರು ಮಜ್ಜಿಗೆಯನ್ನೂ ಊದಿ ಕುಡಿಯುತ್ತಾರೆ. ಅಂದಿನಿಂದ ಆ ಊರಿನಲ್ಲಿ ಝರಾಕ್ಸ್ ಎಂದರೆ ಬೈಗುಳ. ಮಾತಿಗೆ ತಪ್ಪಿದವನನ್ನು “ಅಂವ ಝರಾಕ್ಸ್ ಮನಷಾ” ಎನ್ನುತ್ತಾರೆ.

“ಕನ್ಯಾ ನೋಡಾಕ ಹೋದ್ರ ಫೋಟೊ ಸಹಿತ ನಂಬಂಗಿಲ್ರಿ,” ಎಂದ ದೇವಿಂದ್ರ.

ಭಾನುವಾರ, ಸೋಮವಾರ ಬಂದೋಬಸ್ತಿನಲ್ಲಿ ಹೋದವು. 26ರ ಮಂಗಳವಾರ ಬೆಳಿಗ್ಗೆ ಸುರಪುರ ಠಾಣೆಗೆ ತಿಳಿಸಿ ಮೂವರೂ ಹೊರಟರು. ಕಾಲುವೆ ದಂಡೆಯ ರಸ್ತೆ. ಎಡಕ್ಕೆ ನೀರು ತುಂಬಿ ಹರಿಯುತ್ತಿತ್ತು, ಬಲಕ್ಕೆ ನೆಲ್ಲು ಹಣ್ಣಾಗಿ ಬಾಗಿತ್ತು. ಕೊಯ್ಲಿನ ಮಷೀನುಗಳು ಸಾಲಾಗಿ ನಿಂತಿದ್ದವು. ಒಳ್ಳೆಯ ಬೆಳೆಯ ವರ್ಷ. ಹಿರೇಬೂದೂರಿನ ಅಗಸಿ ಬಾಗಿಲಲ್ಲಿ ಜೀಪು ನಿಲ್ಲಿಸಿ, ಊರಿಗೆ ಇತ್ತೀಚೆಗೆ ಕಟ್ಟು ಹಾಕಿದ ಇಂಗ್ಲಿಷ್ ಕಾಗದ ಯಾರು ತಂದರು ಎಂದು ಕೇಳಿದ್ದೇ ತಡ, ನಾಲ್ಕು ಜನ ಒಂದೇ ಮನೆಯ ಕಡೆ ಕೈ ಮಾಡಿದರು.

ಅದು ಈಶಪ್ಪನ ಮನೆ. ನಾಲ್ಕೆಕರೆ ನೀರಾವರಿ, ಪಡಸಾಲೆಯ ಗೋಡೆಯಲ್ಲಿ ಬುದ್ಧನ ಪಟ. ಪಟದ ಪಕ್ಕದಲ್ಲಿ, ಹೊಸ ಮೊಳೆಗೆ, ಸಾಗವಾನಿ ಕಟ್ಟಿನ ಸರ್ಟಿಫಿಕೇಟು. ಗಾಜು ಒರೆಸಿ ಫಳಫಳ ಮಾಡಿದ್ದರು.

“ಇದು ಯಾರದು?” ಅಂಬ್ರಪ್ಪ ಕೇಳಿದರು.

“ಶಹಾಪುರದ ಬಾಯಾರ್ದು,” ಎಂದ ಈಶಪ್ಪ. ಅವನ ದನಿಯಲ್ಲಿ ಅಳುಕಿರಲಿಲ್ಲ. “ಖರೇ ಅಸಲಿ ಅದ್ರಿ. ಸಾಲಿ ಮಾಸ್ತರಗ ತೋರ್ಸೀನಿ. ಹಿಂದಿನ ಹಲಗಿ ಬಿಚ್ಚಿ ಮುದ್ರಿ ಮುಟ್ಟಿ ನೋಡೀನಿ.”

“ನಿನ್ನ ಮನಿಗೆ ಹೆಂಗ ಬಂತು?”

“ಬಾಯಾರ ಕೊಟ್ಟು ಕಳ್ಸ್ಯಾರಲ್ರಿ. ನಮ್ಮ ತಂಗಿ ಮರಿಲಿಂಗಮ್ಮ ಬಾಣಂತನಕ್ಕ ಬಂದಾಳ. ಆಕಿಗೆ ಆರಾಮಿಲ್ಲ. ಬಾಯಾರ ಕಡೆ ಕಳಸು ಅಂದ್ರು, ನಾ ಅವರು ಕಲ್ತ ಕಾಗದ ತಂದು ತೋರ್ಸ್ರಿ ಅಂದೆ. ಮೊದಲ ಝರಾಕ್ಸ್ ತಂದ್ರು. ಝರಾಕ್ಸ್ ಯಾವನರೆ ಮಾಡ್ತಾನ. ಅಸಲಿ ತರ್ರಿ, ಅಲ್ಲಿತನಾ ತಂಗೀನ ಅಂಗಳಾ ದಾಟಸಂಗಿಲ್ಲ ಅಂದೆ.”

“ತಂದವರು ಯಾರು?”

ಈಶಪ್ಪ ಬಾಯಿ ತೆರೆಯುವಷ್ಟರಲ್ಲಿ ಒಳಮನೆಯ ಹೊಸ್ತಿಲಲ್ಲಿ ಒಬ್ಬ ಹೆಂಗಸು ಬಂದು ನಿಂತಳು. ಹೆಗಲ ಮೇಲೆ ನಾಲ್ಕು ತಿಂಗಳ ಕೂಸು ಮಲಗಿತ್ತು.

“ನಾನ ತಂದೀನ್ರಿ. ಬಾಯಾರು ಕೊಟ್ಟಿಲ್ಲ. ಕೇಳದಲೆ ತಂದೀನಿ,” ಎಂದಳು.

ಈಶಪ್ಪನ ಮುಖ ಕಪ್ಪಿಟ್ಟಿತು. ಅವಳು ಸುಂದ್ರಮ್ಮ, ಬಳಿಚಕ್ರದವಳು, ಮರಿಲಿಂಗಮ್ಮನ ಅತ್ತೆ. ಮೊದಲ ಹೆರಿಗೆ ತವರಿನಲ್ಲಿ ಆಗುವುದು ವಾಡಿಕೆ, ಅತ್ತೆಯಾದವಳು ಕೂಸು ನೋಡಿ ಉಡಿ ತುಂಬಿಸಿಕೊಂಡು ಹೋಗುವುದೂ ವಾಡಿಕೆ. ಆದರೆ ಈ ಅತ್ತೆ ಬೀಗರ ಮನೆಯಲ್ಲಿ ಚಾಪೆ ಹಾಸಿ ತಿಂಗಳುಗಟ್ಟಲೆ ಉಳಿದಿದ್ದಳು. ಊರು ಆಡಿಕೊಂಡು ನಕ್ಕರೂ ಜಗ್ಗಿರಲಿಲ್ಲ.

“ಯಾಕ ತಂದಿ?”

“ಈಶಪ್ಪಣ್ಣ ಹಟಾ ಬಿಡಲಿಲ್ಲ. ಬಾಯಾರಿಗೆ ಅಸಲಿ ಕೇಳೂದಕ್ಕ ನನಗ ಮಾರಿ ಇರಲಿಲ್ಲ. ಕಲ್ತವರನ್ನ ನಂಬಂಗಿಲ್ಲ ಅಂದಂಗ ಆಗ್ತದ. ತೋರಿಸಿ ಮರುದಿನ ಗ್ವಾಡಿಗೆ ಹಾಕಿ ಬರಬೇಕಂತಿದ್ದೆ. ಈತ ಬಿಡಲಿಲ್ಲ, ಊರಿಗೆಲ್ಲಾ ತೋರಿಸಾಕ ಹತ್ತಿದ.”

“ಊರವರೂ ನೋಡ್ಲಿ ಅಂದೆ,” ಎಂದ ಈಶಪ್ಪ, ತಲೆ ತಗ್ಗಿಸಿ. “ನಾಳಿಗೆ ತಂಗೀನ ಕರ್ಕೊಂಡು ಹೋಗಾಂವಿದ್ದೆ.”

ಇಬ್ಬರು ಪಂಚರ ಸಮಕ್ಷಮ ಜಪ್ತಿ ಪಂಚನಾಮೆ ಆಯಿತು. ಗಾಜಿಗೆ ಚೀಟಿ ಅಂಟಿಸಿ, ಪಂಚರ ಸಹಿ ಪಡೆದು, ಬಟ್ಟೆಯಲ್ಲಿ ಸುತ್ತಿದರು. ಮಲ್ಲಾಬಾಯಿ ಸುಂದ್ರಮ್ಮನ ಹತ್ತಿರ ಹೋಗಿ, “ಏಳವ್ವಾ, ಠಾಣೆಕ್ಕ ಬರಬೇಕಾಗ್ತದ,” ಎಂದಳು. ಸುಂದ್ರಮ್ಮ ಕೂಸನ್ನು ಎತ್ತಿಕೊಂಡು ಒಳಗೆ ಹೋದಳು. ಅಲ್ಲಿ ಮರಿಲಿಂಗಮ್ಮ ಗೋಡೆಗೆ ಮುಖ ಮಾಡಿ ಕೂತಿದ್ದಳು. ಸಣ್ಣ ವಯಸ್ಸು, ಎಣ್ಣೆ ಕಾಣದ ಕೂದಲು.

“ತಗೋ ಯವ್ವಾ, ಒಂದೀಟು ಹಿಡಕೊ.”

ಮರಿಲಿಂಗಮ್ಮ ತಿರುಗಲಿಲ್ಲ. ಕೂಸು ಎದ್ದು ಅಳತೊಡಗಿತು. ಆಗಲೂ ತಿರುಗಲಿಲ್ಲ. ಕೊನೆಗೆ ಈಶಪ್ಪನ ಹೆಂಡತಿ ಬಂದು ಕೂಸನ್ನು ತೆಗೆದುಕೊಂಡಳು. ಬಾಗಿಲಲ್ಲಿ ನಿಂತು ಇದನ್ನು ಕಂಡ ಅಂಬ್ರಪ್ಪನವರಿಗೆ ಖುರ್ಷೀದಬೇಗಂ ಬಾಗಿಲು ತೆರೆದಿಡಬೇಕೆಂದದ್ದು ಯಾರಿಗಾಗಿ ಎಂದು ಆಗ ಪೂರ್ತಿ ಅರ್ಥವಾಯಿತು. ಆದರೂ ದಸ್ತಗಿರಿ ಪತ್ರಕ್ಕೆ ಸಹಿ ಹಾಕಿದರು, ಯಾಕೆಂದರೆ ಅದು ಅವರ ಕೆಲಸದ ಕಾಯ್ದೆ.

ಠಾಣೆಯಲ್ಲಿ ಮಲ್ಲಾಬಾಯಿ ಚಹಾ ತರಿಸಿಕೊಟ್ಟಳು. ಅಂಬ್ರಪ್ಪ ಹೇಳಿಕೆ ಬರೆದುಕೊಳ್ಳಲು ಕೂತರು.

“ಸ್ವಂತ ಅಣ್ಣ ಕಾಗದ ಕೇಳಿ ಕುಂತಾನ. ನೀ ಅತ್ತಿ ಆಗಿ ಕಳುವು ಮಾಡಿದಿ. ಸೊಸಿ ಮ್ಯಾಲ ಅಷ್ಟ ಜೀವ?”

ಸುಂದ್ರಮ್ಮ ಚಹಾದ ಬಸಿಯನ್ನು ಕೆಳಗಿಟ್ಟಳು.

“ನನ್ನ ತವರು ಮನೀನೂ ಈ ಕಡೀನ, ಶಹಾಪುರದ ಬಾಜೂಕ. ಕಾಲುವಿಗೆ ಮೊದಲ ಸಲ ನೀರು ಬಿಟ್ಟ ವರ್ಷ ನನ್ನ ಮಗ ಹುಟ್ಟಿದ್ರಿ. ಇಡೀ ಊರು ಅರಿಷಿಣ ಕುಂಕುಮ ಹಿಡಕೊಂಡು ನೀರು ನೋಡಾಕ ಹೋತು. ನಾ ಹೀಂಗ, ಆಕಿ ಕುಂತಂಗ, ಗ್ವಾಡಿ ನೋಡ್ಕೋತ ಕುಂತಿದ್ದೆ. ದೆವ್ವ ಬಡದದ ಅಂದ್ರು. ಬೇವಿನ ಬರಲಿಲೆ ಹೊಡದ್ರು. ಯಾರೂ, ಏನಾಗ್ಯದವ್ವಾ ಅಂತ ಕೇಳಲಿಲ್ಲ. ಎರಡು ವರ್ಷಾದ ಮ್ಯಾಲ ಅದು ತಾನ ಹೋತು.”

“ಹೋತಲ್ಲ ಮತ್ತ. ಈಕೀದೂ ಹೋಗ್ತಿತ್ತು.”

“ಹೋತ್ರಿ. ಆದ್ರ ಆ ಎರಡು ವರ್ಷದಾಗ ನನ್ನ ಮಗ ಕುಂದ್ರೂದು ಕಲ್ತ, ನಿಂದ್ರೂದು ಕಲ್ತ, ಅವ್ವಾ ಅನ್ನೂದು ಕಲ್ತ. ಯಾವ ದಿನ ಕಲ್ತ, ಎಲ್ಲಿ ಕಲ್ತ, ಒಂದೂ ನನಗ ನೆನಪಿಲ್ಲ. ಈಗ ಅಂವಗ ಗಡ್ಡ ಮೀಸಿ ಬಂದಾವ. ಅವನ ಮಾರಿ ನೋಡಿದಾಗೊಮ್ಮೆ ನನ್ನ ಜೀವ ಅದನ್ನ ಹುಡುಕ್ತದ.” ಅವಳು ಸೆರಗಿನಿಂದ ಮೂಗು ಒರೆಸಿಕೊಂಡಳು. “ಈಕಿಗೆ ಆ ದಿನಗೋಳು ತಪ್ಪಬಾರದು ಅಂತ ತಂದೆ.”

ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎಂಬ ಗಾದೆಯನ್ನು ದೇವಿಂದ್ರ ಹೇಳಲು ಹೊರಟಿದ್ದವನು ಅದನ್ನು ಬಿಟ್ಟು ಖಾಲಿ ಬಸಿ ಎತ್ತಿಟ್ಟ. ಈ ಅತ್ತೆಗೆ ಆ ಗಾದೆ ಹೊಂದುತ್ತಿರಲಿಲ್ಲ.

ಅದೇ ಮಧ್ಯಾಹ್ನ ಆರೋಪಿಯನ್ನು ಶಹಾಪುರದ ನ್ಯಾಯಾಲಯಕ್ಕೆ ಹಾಜರುಪಡಿಸಿದರು. ಜಾಮೀನು ಸಿಕ್ಕಿತು. ಜಾಮೀನಿಗೆ ನಿಂತವನು ಈಶಪ್ಪ. ಹೊಲದ ಪಹಣಿಯ ಅಸಲಿ ಪ್ರತಿಯೇ ಬೇಕು ಎಂದು ಗುಮಾಸ್ತ ಹೇಳಿದಾಗ ಅವನು ಸುತ್ತ ನಿಂತವರ ಕಡೆ ಗೆದ್ದವನ ಹಾಗೆ ನೋಡಿದ. ಬುಧವಾರ ಅಂಬ್ರಪ್ಪ ವರದಿ ಸಲ್ಲಿಸಿ, ಜಪ್ತಿಯಾದ ವಸ್ತುವನ್ನು ಕೋರ್ಟಿನ ಅನುಮತಿಯಿಂದ, ಮುಚ್ಚಳಿಕೆ ಬರೆಸಿಕೊಂಡು ಫಿರ್ಯಾದಿಗೆ ಒಪ್ಪಿಸಿದರು. ಗುರುವಾರ ಬಂದ ತಂಡ ಗೋಡೆಯ ಮೇಲಿನ ಸರ್ಟಿಫಿಕೇಟು ನೋಡಿ, ಗಾಜಿಗೆ ಅಂಟಿದ ಪೊಲೀಸ್ ಚೀಟಿ ಏನೆಂದು ಕೇಳಿತು. ಇದು ಅಸಲಿ ಎಂದು ಪಂಚರೇ ಸಹಿ ಮಾಡಿಕೊಟ್ಟಿದ್ದಾರೆ ಎಂದರು ಖುರ್ಷೀದಬೇಗಂ. ಕೋಣೆಗೆ ಪರವಾನಗಿ ಸಿಕ್ಕಿತು.

ಶನಿವಾರ ಈಶಪ್ಪ ತಂಗಿಯನ್ನು ಕರೆತಂದ. ಅವಳ ಕೈಯಲ್ಲಿ ಯಾವ ಖಣವೂ ಇರಲಿಲ್ಲ. ಹಿರೇಬೂದೂರಿಗೆಲ್ಲ ಗೊತ್ತಿರುವ ವಿಷಯಕ್ಕೆ ಮರೆ ಯಾಕೆ ಎಂದ ಈಶಪ್ಪ. ಮೊದಲ ವಾರಗಳಲ್ಲಿ ಅವಳು ಮಾತೇ ಆಡಲಿಲ್ಲವಂತೆ. ಖುರ್ಷೀದಬೇಗಂ ಒಮ್ಮೆ ಗುಲ್ಬರ್ಗಾಕ್ಕೂ ಕಳಿಸಿದರು, ಮನೆಯವರು ಗುಳಿಗೆ ಬರೆಸಿಕೊಂಡು ಬಂದರು. ಒಳಗೆ ಏನು ಮಾತಾಯಿತೋ ಅಂಬ್ರಪ್ಪ ಕೇಳಲಿಲ್ಲ. ಕೇಳಿದರೂ ಹೇಳುವವರಲ್ಲ ಎಂದು ಅವರಿಗೆ ಗೊತ್ತಿತ್ತು.

2014ರ ಜೂನ್‌ನಲ್ಲಿ ಪ್ರಕರಣ ಲೋಕ ಅದಾಲತ್ತಿಗೆ ಬಂತು. ಫಿರ್ಯಾದಿ ರಾಜಿಗೆ ಒಪ್ಪಿ ಬರೆದುಕೊಟ್ಟಿದ್ದರು. ಕೋರ್ಟಿನ ಪಡಸಾಲೆಯಲ್ಲಿ ಜನ ತುಂಬಿದ್ದರು. ಸುಂದ್ರಮ್ಮನ ಹೆಸರು ಕೂಗಿದಾಗ ಅವಳು ಒಳಗೆ ಹೋಗಿ, ಹೆಬ್ಬೆಟ್ಟು ಒತ್ತಿ, ನ್ಯಾಯಾಧೀಶರಿಗೆ ಕೈ ಮುಗಿದು ಹೊರಗೆ ಬಂದಳು. ಕೇಸು ಮುಗಿದಿತ್ತು. ಅಂಬ್ರಪ್ಪ ಕಡತ ಕಂಕುಳಲ್ಲಿಟ್ಟುಕೊಂಡು ಅವಳ ಹಿಂದೆಯೇ ಬಂದರು.

ಮರಿಲಿಂಗಮ್ಮ ನೆಲದ ಮೇಲೆ ಕೂತಿದ್ದಳು. ಕೂಸು ಅವಳ ಎರಡು ಕೈಗಳ ನಡುವೆ ನಿಂತು ತೂಗುತ್ತಿತ್ತು. ಅತ್ತೆಯನ್ನು ಕಂಡು ಅವಳು ತಲೆಯೆತ್ತಿದಳು.

“ಅತ್ತಿ, ನೀವು ಒಳಗ ಹೋದಾಗ ಈತ ಎರಡು ಹೆಜ್ಜಿ ಹಾಕಿದ್ರಿ. ಆ ಕಂಬದ ಕಡಿಂದ ಇಲ್ಲಿತನಾ.”

ಸುಂದ್ರಮ್ಮ ನಿಂತಲ್ಲೇ ನಿಂತಳು. “ನೀ ನೋಡಿದಿ?”

“ನೋಡ್ದೆ. ನನ್ನ ಕಡೀನ ಬಂದ.”

ಸುಂದ್ರಮ್ಮ ಸೊಸೆಯ ಪಕ್ಕದಲ್ಲಿ ನೆಲದ ಮೇಲೆ ಕೂತು, ಯಾವ ಕಂಬ ಎಂದು ಕೇಳಿದಳು.